ಜಿಂಕೆ ಕೊಂಬಿನ ತುದಿಯಲ್ಲಿ ಏನಿದೆ?

ಎಲ್ಲರಿಗೂ ನಮಸ್ಕಾರ. ಹಸುವಿನ ಕೊಂಬು ಬುಡಸಮೇತ ಹೋದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಗಂಡು ಜಿಂಕೆಯ ಕೊಂಬು ಹಾಗಲ್ಲ. ಅದು ತಾನಾಗಿ ಬೀಳುತ್ತದೆ, ಅದೇ ಜಾಗದಲ್ಲಿ ಹೊಸದು ಬರುತ್ತದೆ. ಬಂಡೀಪುರದ ಕಡೆ ಹೋದವರು ಕೊಂಬಿನ ಮೇಲೆಲ್ಲ ನುಣುಪು ರೋಮ ಇರುವ ಜಿಂಕೆಗಳನ್ನು ನೋಡಿರುತ್ತೀರಿ. ಅವು ಬೆಳೆಯುತ್ತಿರುವ ಕೊಂಬುಗಳು. ಒಳಗೆ ರಕ್ತ ಹರಿಯುತ್ತಿರುತ್ತದೆ, ನರಗಳಿರುತ್ತವೆ. ದೊಡ್ಡ ಜಾತಿಯ ಜಿಂಕೆಗಳಲ್ಲಿ ದಿನಕ್ಕೆ 1ರಿಂದ 2 ಸೆಂಟಿಮೀಟರ್ ಬೆಳೆಯುವುದೂ ಉಂಟು. ಇದನ್ನು ಇಷ್ಟು ಜೋರಾಗಿ ಬೆಳೆಸುವ ಪ್ರೋಟೀನ್‌ಗಳು ಯಾವುವು ಅನ್ನುವುದೇ ಇವತ್ತಿನ ವಿಷಯ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕೊಂಬಿಗೆ ಕೈ ಹಾಕುವ ಮಾತೇ ಇಲ್ಲ. ಆದರೆ ನ್ಯೂಜಿಲೆಂಡ್‌ನಲ್ಲಿ ಕೆಂಪು ಜಿಂಕೆಗಳನ್ನು ಫಾರ್ಮ್‌ಗಳಲ್ಲಿ ಸಾಕುತ್ತಾರೆ. ಡನಿಡಿನ್ ಹತ್ತಿರದ ಇನ್ವರ್‌ಮೇ ಕೇಂದ್ರದಲ್ಲಿ ಈ ಸಂಶೋಧನೆ ಬಹಳ ನಡೆದಿದೆ. ಕೊಂಬು ಹೊರಟು ಸುಮಾರು 60 ದಿನವಾದಾಗ, ಇನ್ನೂ ಗಟ್ಟಿಯಾಗುವ ಮೊದಲೇ, ಬುಡದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕತ್ತರಿಸುತ್ತಾರೆ.

ಪ್ರೋಟೀನ್ ಗುರುತಿಸುವ ದೊಡ್ಡ ಮೆಷಿನ್ ನೋಡಿ ಜನ ಬೆರಗಾಗುತ್ತಾರೆ. ನನ್ನನ್ನು ಕೇಳಿದರೆ ಅರ್ಧ ಫಲಿತಾಂಶ ಚಾಕುವಿನ ಹಂತದಲ್ಲೇ ತೀರ್ಮಾನವಾಗಿರುತ್ತದೆ. ತುದಿಯನ್ನು ಉದ್ದಕ್ಕೆ ಸೀಳಿದರೆ ಪದರಗಳು ಬರಿಗಣ್ಣಿಗೇ ಕಾಣುತ್ತವೆ: ಮೇಲೆ ಚರ್ಮ, ಅದರ ಕೆಳಗೆ ರಕ್ತನಾಳ ಅಷ್ಟಾಗಿ ಕಾಣದ ಒಂದೇ ಸಮನಾದ ಪದರ, ಕೋಶಗಳು ಭರಭರನೆ ಹೆಚ್ಚುವುದು ಇಲ್ಲಿಯೇ, ಇನ್ನೂ ಕೆಳಗೆ ಹೋದಂತೆ ಉದ್ದುದ್ದ ರಕ್ತನಾಳಗಳ ಗೆರೆಗಳು ಕಾಣಿಸತೊಡಗಿದರೆ ಮೃದ್ವಸ್ಥಿ (ಕಾರ್ಟಿಲೇಜ್, ಮೆತ್ತನೆಯ ಎಲುಬು) ಶುರುವಾಯಿತು ಅಂತ ಲೆಕ್ಕ. ನಮ್ಮ ಮಂಡಿಯ ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇರುವುದಿಲ್ಲ, ಕೊಂಬಿನದರಲ್ಲಿ ತುಂಬಿಕೊಂಡಿವೆ. ವಿಚಿತ್ರ ಅಲ್ವಾ? ಚಾಕು ಸ್ವಲ್ಪ ಆಚೀಚೆಯಾದರೆ ಎರಡು ಪದರ ಬೆರೆತುಹೋಗುತ್ತವೆ, ಆಮೇಲೆ ಯಾವ ಪ್ರೋಟೀನ್ ಎಲ್ಲಿಂದ ಬಂತು ಅಂತ ಹೇಳುವುದು ಕಷ್ಟ.

ಕತ್ತರಿಸಿದ ತುಂಡನ್ನು ತಕ್ಷಣ ದ್ರವ ಸಾರಜನಕಕ್ಕೆ ಹಾಕಬೇಕು. ತಡಮಾಡಿದರೆ ಅದರೊಳಗಿನ ಕಿಣ್ವಗಳೇ ಪ್ರೋಟೀನ್‌ಗಳನ್ನು ತುಂಡರಿಸುತ್ತವೆ. ಆಮೇಲೆ ತಣ್ಣಗಿರುವಾಗಲೇ ಕುಟ್ಟಿ ಪುಡಿ ಮಾಡಿ, ಯೂರಿಯಾ, ಡಿಟರ್ಜೆಂಟ್, ಕಿಣ್ವ ತಡೆಯುವ ರಾಸಾಯನಿಕ ಎಲ್ಲ ಇರುವ ದ್ರಾವಣದಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದುಕೊಳ್ಳುತ್ತಾರೆ. ಹೇಳುವುದು ಸುಲಭ. ಮೃದ್ವಸ್ಥಿಯಲ್ಲಿ ಪ್ರೋಟಿಯೋಗ್ಲೈಕಾನ್, ಅಂದರೆ ಸಕ್ಕರೆಯ ಸರಗಳು ಅಂಟಿದ ಪ್ರೋಟೀನ್, ತುಂಬಾ ಇರುತ್ತದೆ, ಅದು ಲೋಳೆಸರದ ಲೋಳೆಯ ಹಾಗೆ ಎಲ್ಲದಕ್ಕೂ ಅಂಟಿಕೊಂಡು, ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಜೆಲ್‌ನಲ್ಲಿ ಕಲೆ ಮಾಡುತ್ತದೆ. ರಕ್ತ ಉಳಿದಿದ್ದರಂತೂ ಹಿಮೋಗ್ಲೋಬಿನ್, ಆಲ್ಬುಮಿನ್ ಎರಡೇ ಜೆಲ್ ತುಂಬಾ ಮೆರೆಯುತ್ತವೆ, ನಮಗೆ ಬೇಕಾದ ಸಣ್ಣ ಪ್ರೋಟೀನ್‌ಗಳು ಅವುಗಳ ನೆರಳಲ್ಲಿ ಕಾಣದೇ ಹೋಗುತ್ತವೆ. ಬುಡದ ಗಟ್ಟಿ ಭಾಗವಾದರೆ ಮೊದಲು ಇಡಿಟಿಎ ಅನ್ನುವ ರಾಸಾಯನಿಕ ಬಳಸಿ ಕ್ಯಾಲ್ಸಿಯಂ ತೆಗೆಯಬೇಕು.

ಕೊನೆಗೆ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಪ್ರೋಟೀನ್‌ಗಳನ್ನು ಚೂರು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಚೂರುಗಳ ತೂಕ ಅಳೆದು, ಜೀನೋಮ್, ಅಂದರೆ ಆ ಪ್ರಾಣಿಯ ಎಲ್ಲ ವಂಶವಾಹಿಗಳ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ಕೆಂಪು ಜಿಂಕೆಯ ಜೀನೋಮ್ ಪ್ರಕಟವಾದದ್ದು 2018ರಲ್ಲಿ, ಅದಕ್ಕೂ ಮೊದಲು ಹಸು, ಕುರಿಯ ಪಟ್ಟಿ ಹಿಡಿದೇ ಗುರುತಿಸಬೇಕಿತ್ತು.

ಸಿಕ್ಕಿದ್ದೇನು? ಕೊಲಾಜೆನ್ ಜಾಸ್ತಿ, ಅದು ನಿರೀಕ್ಷಿತ. ರಕ್ತನಾಳ ಬೆಳೆಸುವ ವಿಇಜಿಎಫ್, ಪ್ಲೀಯೊಟ್ರೋಫಿನ್ ಥರದ ಬೆಳವಣಿಗೆಯ ಅಂಶಗಳೂ ಇವೆ. ಕೊಂಬು ಬೆಳೆಯುವ ಕಾಲದಲ್ಲಿ ರಕ್ತದಲ್ಲಿ ಐಜಿಎಫ್-1 ಅನ್ನುವ ಬೆಳವಣಿಗೆಯ ಹಾರ್ಮೋನು ಏರುತ್ತದೆ ಅನ್ನುವುದು 1985ರಲ್ಲೇ ಗೊತ್ತಾಗಿತ್ತು. 2019ರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಕುತೂಹಲದ್ದು. ಕೊಂಬಿನಲ್ಲಿ ಕ್ಯಾನ್ಸರ್‌ಗೆ ನಂಟಿರುವ ವಂಶವಾಹಿಗಳು ಚುರುಕಾಗಿದ್ದರೂ ಗಡ್ಡೆ ತಡೆಯುವ ವಂಶವಾಹಿಗಳೂ ಜೊತೆಗೇ ಕೆಲಸ ಮಾಡುತ್ತಿರುತ್ತವೆ ಅಂತ ಅದು ತೋರಿಸಿತು.

ಇನ್ನು ಈ ಐಜಿಎಫ್-1 ಹೆಸರಲ್ಲಿ ಮಾರುವ ಕೊಂಬಿನ ಸ್ಪ್ರೇ, ಮಾತ್ರೆಗಳು. 2013ರಲ್ಲಿ ಗಾಲ್ಫ್ ಆಟಗಾರ ವಿಜಯ್ ಸಿಂಗ್ ಇಂಥ ಸ್ಪ್ರೇ ಬಳಸಿದ್ದಾಗಿ ಹೇಳಿ ದೊಡ್ಡ ಸುದ್ದಿಯಾಗಿತ್ತು. ಅಂಗಾಂಶದಲ್ಲಿ ಪ್ರೋಟೀನ್ ಇರುವುದು ಬೇರೆ, ಅದು ನುಂಗಿದವರ ಮೈಯಲ್ಲಿ ಕೆಲಸ ಮಾಡುವುದು ಬೇರೆ. ಹೊಟ್ಟೆಗೆ ಹೋದ ಪ್ರೋಟೀನ್ ಬಹುಪಾಲು ಜೀರ್ಣವಾಗಿಬಿಡುತ್ತದೆ. ಇಲ್ಲಿ ಕ್ರೀಡಾಪಟುಗಳು ಯಾರಾದರೂ ಇದ್ದರೆ ಸುಮ್ನೆ ಪ್ರಯೋಗಕ್ಕೆ ಹೋಗಬೇಡಿ, ಐಜಿಎಫ್-1 ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ.