ಅಷ್ಟು ಮಳೆ ಬೀಳೋ ಕೊಡಗಲ್ಲಿ ಹೋಂಸ್ಟೇಗೆ ಟ್ಯಾಂಕರ್ ಯಾಕೆ?

ನಮಸ್ಕಾರ! ಹೋದ ವಿಡಿಯೋಗೆ ಒಬ್ರು ಕಾಮೆಂಟ್ ಹಾಕಿದ್ರು, "ಅಣ್ಣಾ, ಮಡಿಕೇರಿಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಅಂತೀರ, ಮತ್ತೆ ಮಾರ್ಚಲ್ಲಿ ಹೋಂಸ್ಟೇ ಗೇಟಲ್ಲಿ ನೀರಿನ ಟ್ಯಾಂಕರ್ ಯಾಕೆ ನಿಂತಿರುತ್ತೆ?" ಒಳ್ಳೆ ಪ್ರಶ್ನೆ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಮಳೆ ಬಹುಪಾಲು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಲ್ಲಿ ಹರಿದು ಹೊಳೆ ಸೇರ್ಬಿಡುತ್ತೆ. ಬೇಸಿಗೆಗೆ ಉಳಿಯೋದು ಬಾವಿ, ಬೋರು, ತೋಟದ ಕೆರೆ.

ಈಗ ನನ್ನ ತಲೆ ಕೆಡಿಸಿದ ವಿಷಯ. ರೋಬಸ್ಟಾ ಕಾಫಿ ಮೊಗ್ಗು ಹೂಮಳೆಗೆ, ಅಂದ್ರೆ ಬೇಸಿಗೆ ಶುರುವಲ್ಲಿ ಹೂ ಅರಳಿಸೋ ಮಳೆಗೆ, ಕಾಯ್ತಾ ಕೂತಿರುತ್ತೆ, ಒಂದು ಇಂಚಿನಷ್ಟು ಬಿದ್ರೆ ವಾರ-ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗೆ, ಬೀಳಲಿಲ್ಲ ಅಂದ್ರೆ ಕೆರೆಯಿಂದ ಸ್ಪ್ರಿಂಕ್ಲರ್ ಹೊಡಿಬೇಕು, ಅದಾಗಿ ಕೆಲವು ವಾರಕ್ಕೆ ಇನ್ನೊಂದು ಮಳೆ, ಅದೇ ಬ್ಯಾಕಿಂಗ್ ಮಳೆನೂ ಬೇಕು, ಇಲ್ಲಾಂದ್ರೆ ಕಾಯಿ ಸರಿಯಾಗಿ ನಿಲ್ಲಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಎಷ್ಟು ಗೊತ್ತಾ? ಲೆಕ್ಕ ಹಾಕಿ ನೋಡಿ, ಹೆಚ್ಚುಕಮ್ಮಿ 1 ಲಕ್ಷ ಲೀಟರ್! ಕರೆಕ್ಟಾಗಿ ಅದೇ ಟೈಮಿಗೆ ಬೆಂಗಳೂರಿನ ಸೆಖೆ ತಡಿಯಕ್ಕಾಗದೆ ನಾವು ಬಂದು ಅದೇ ನೀರಲ್ಲಿ ಅರ್ಧ ಗಂಟೆ ಶವರ್ ಕೆಳಗೆ ನಿಲ್ತೀವಿ. ಇನ್ನು ಸ್ವಿಮ್ಮಿಂಗ್ ಪೂಲು... 30 ಅಡಿ ಉದ್ದ, 15 ಅಡಿ ಅಗಲ, 4 ಅಡಿ ಆಳ ಅಂದ್ರೆ ಸುಮಾರು 50 ಸಾವಿರ ಲೀಟರ್. ಅರ್ಧ ಎಕರೆಯ ಹೂಮಳೇಲಿ ನೀವು ರೀಲ್ಸ್ ಮಾಡ್ತಿದೀರ ಸ್ವಾಮಿ! ನನ್ನ ಕೇಳಿದ್ರೆ ನಾಲ್ಕು ರೂಮಿನ ಹೋಂಸ್ಟೇಗೆ ಪೂಲೇ ಬೇಡ.

ಆದ್ರೆ ರಿಸಾರ್ಟಿಗಿಲ್ಲದ ಒಂದು ಅನುಕೂಲ ಹೋಂಸ್ಟೇಗಿದೆ. ಎಷ್ಟೋ ಕಡೆ ಸೂರು, ಬಾವಿ, ತೋಟ ಮೂರೂ ಒಂದೇ ಮನೆಯವರದ್ದು. 1,000 ಚದರಡಿ ಹೆಂಚಿನ ಮೇಲೆ 3,000 ಮಿ.ಮೀ. ಬಿದ್ರೆ ಸುಮಾರು 2.8 ಲಕ್ಷ ಲೀಟರ್ ಆಗುತ್ತೆ, ಎಲ್ಲಾ ಟ್ಯಾಂಕಲ್ಲಿ ಹಿಡಿಯೋದು ಅಸಾಧ್ಯ ನಿಜ, ಸೋಸಿ ಬಾವಿಗೆ, ಕೆರೆಗೆ ಬಿಟ್ರೂ ಸಾಕು. ಎರಡು ರಾತ್ರಿ ಉಳಿಯೋರಿಗೆ ದಿನಾ ಬೆಡ್‌ಶೀಟ್ ಬದಲಿಸಬೇಡಿ, ಮನೇಲೇನು ದಿನಾ ಬದಲಿಸ್ತಾರಾ? ಸ್ನಾನದ ನೀರು ಬಾಳೆಗೆ ಹೋಗ್ಲಿ, ಸೆಪ್ಟಿಕ್ ಗುಂಡಿ ಮಾತ್ರ ಬಾವಿಯಿಂದ ದೂರ, ಕೆಳಗಡೆ ಇರ್ಲಿ.

ಅಯ್ಯೋ, ಎಡಿಟರ್ ಆಗಲೇ ಕೈಸನ್ನೆ ಮಾಡ್ತಿದಾನೆ, ಉಳಿದಿದ್ದು ಒಂದೇ ಉಸಿರಲ್ಲಿ: ಬಾಟಲ್ ಬದಲು ಕಾಯಿಸಿದ ನೀರು ಕೊಡಿ, ಜುಲೈಲಿ ಸೋಲಾರ್ ಬರೀ ಶೋಪೀಸು ಹಾಗಾಗಿ ಮರಗಸಿ (ತೋಟದ ನೆರಳು ಮರದ ಕೊಂಬೆ ಕಡಿಯೋದು) ಸೌದೇಲಿ ಹಂಡೆ ಕಾಯಿಸಿ, ಪನೀರ್ ಬಟರ್ ಮಸಾಲಾ ಬಿಟ್ಟು ಕಡಂಬಿಟ್ಟು (ಅಕ್ಕಿ ತರಿಯ ಉಂಡೆ), ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ), ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಪಲ್ಯ ಹಾಕಿ, ತರಕಾರಿ-ಕೋಳಿ ಪಕ್ಕದ ಮನೆಯಿಂದ್ಲೇ ತಗೊಳ್ಳಿ, 2018ರ ಆಗಸ್ಟಲ್ಲಿ ಗುಡ್ಡ ಜಾರಿದ್ದು ನೋಡಿದೀವಲ್ಲ, ವ್ಯೂಗೋಸ್ಕರ ಇಳಿಜಾರು ಕಡಿದು ಹೊಸ ರೂಮ್ ಕಟ್ಟೋದಂತೂ ಬೇಡವೇ ಬೇಡ.

ಹೋಂಸ್ಟೇ ನಡೆಸೋರು ಯಾರಾದ್ರೂ ನೋಡ್ತಿದ್ರೆ ಕಾಮೆಂಟಲ್ಲಿ ಹೇಳಿ, ಗೆಸ್ಟಿಗೆ "ನೀರು ಕಮ್ಮಿ ಬಳಸಿ" ಅಂತ ಬೇಜಾರಾಗದಂಗೆ ಹೇಗೆ ಹೇಳ್ತೀರ?