ಮದುಮಗಳ ಮುಸುಕು ಮತ್ತು ಒಂದು ಲ್ಯಾಟಿನ್ ಪದ

ಕೇಳುಗರಿಗೆ ನಮಸ್ಕಾರ.

ಅವನು ಮದುವೆಯಾದ, ಅವಳು ಮದುವೆಯಾದಳು. ಕನ್ನಡದಲ್ಲಿ ಇಬ್ಬರಿಗೂ ಒಂದೇ ಮಾತು, ಅಲ್ವಾ? ಹಳೆಯ ರೋಮಿನಲ್ಲಿ ಹಾಗಿರಲಿಲ್ಲ. ಗಂಡಿನ ಮದುವೆಗೆ 'ದೂಕೆರೆ' ಎನ್ನುತ್ತಿದ್ದರು, ಅಂದರೆ ಕರೆದೊಯ್ಯುವುದು. ನಮ್ಮ 'ವಿವಾಹ' ಪದದೊಳಗೂ ಹೊತ್ತೊಯ್ಯುವ ಅರ್ಥದ 'ವಹ್' ಧಾತು ಇದೆ. ಹೆಣ್ಣಿನ ಮದುವೆಗೆ ಬೇರೆಯೇ ಪದ: 'ನೂಬೆರೆ'. ನನ್ನ ಮನಸ್ಸು ನಿಂತಿರುವುದು ಈ ಪದದ ಮೇಲೆ.

ಇದರ ಜೊತೆ ಗಂಡನ ಹೆಸರು ಬರುವ ರೀತಿ ನೋಡಿ. 'ಗಂಡನನ್ನು' ಎಂದಲ್ಲ, 'ಗಂಡನಿಗೆ' ಎಂದು ಚತುರ್ಥಿಯಲ್ಲಿ ಬರುತ್ತದೆ. ಯಾಕೆ ಈ 'ಗೆ'? ರೋಮಿನ ಪಂಡಿತರು 'ನೂಬೆರೆ' ಅಂದರೆ ಮೂಲದಲ್ಲಿ ಮುಸುಕು ಹೊದೆಯುವುದು ಎಂದು ತಿಳಿದಿದ್ದರು. ಆ ಅರ್ಥ ಹಿಡಿದರೆ 'ಗೆ' ಸಲೀಸಾಗಿ ಕೂರುತ್ತದೆ: ಅವಳು ಅವನಿಗಾಗಿ ಮುಸುಕು ಹೊದ್ದಳು. ಮೋಡಕ್ಕೆ ಲ್ಯಾಟಿನ್‌ನಲ್ಲಿ 'ನೂಬೆಸ್'. ಮೋಡ ಬಾನಿಗೆ ಮುಸುಕು ಹಾಕುತ್ತದೆ, ಹಾಗಾಗಿ ಎರಡೂ ಒಂದೇ ಬಳಗದ ಪದಗಳು ಎಂದು ಅವರು ನಂಬಿದ್ದರು.

ಹಾಗೆ ನಂಬುವುದಕ್ಕೆ ಅವರ ಕಣ್ಣ ಮುಂದೆಯೇ ಕಾರಣವಿತ್ತು. ರೋಮಿನ ಮದುಮಗಳ ಮುಸುಕಿನ ಹೆಸರು 'ಫ್ಲಮ್ಮೇಉಮ್'. ಉರಿಯುವ ಬೆಂಕಿಯ ಬಣ್ಣ ಅದಕ್ಕೆ. ಕತ್ತಲಾಗುವ ಹೊತ್ತಿಗೆ ಪಂಜು ಹಿಡಿದು, ಹಾಡು ಹೇಳುತ್ತಾ ಅವಳನ್ನು ಗಂಡನ ಮನೆಗೆ ಕರೆದೊಯ್ಯುತ್ತಿದ್ದರು. ಪಂಜಿನ ಬೆಳಕಿನಲ್ಲಿ ಆ ಮುಸುಕು ಹೇಗೆ ಹೊಳೆದಿರಬೇಕು!

ಈಗಿನ ಭಾಷಾತಜ್ಞರಲ್ಲಿ ಹಲವರು ಮೋಡದ ನಂಟನ್ನು ಒಪ್ಪುವುದಿಲ್ಲ. ಸ್ಲಾವ್ ಭಾಷೆಗಳಲ್ಲಿ ಹೆಣ್ಣು ಕೇಳುವುದಕ್ಕೆ 'ಸ್ನುಬಿತಿ' ಎಂಬ ಹಳೆಯ ಪದವಿದೆ. 'ನೂಬೆರೆ' ಅದರ ಒಡಹುಟ್ಟು, ಮೊದಲಿಂದಲೂ ಅದು ಮದುವೆಯ ಪದವೇ ಎನ್ನುತ್ತಾರೆ. ಗ್ರೀಕರು ಮದುಮಗಳನ್ನು ಕರೆಯುತ್ತಿದ್ದ 'ನಿಂಫೆ'ಯನ್ನೂ ಕೆಲವರು ಇದೇ ಬಳಗಕ್ಕೆ ಸೇರಿಸುತ್ತಾರೆ. ನನಗೂ ಈ ವಾದವೇ ಗಟ್ಟಿ ಅನ್ನಿಸುತ್ತದೆ. ಆದರೂ ಲ್ಯಾಟಿನ್‌ನಲ್ಲಿ 'ಒಬ್ನೂಬೆರೆ' ಅಂದರೆ ತಲೆಗೆ ಮುಸುಕು ಹಾಕುವುದು. ರೋಮನ್ನರ ಮಾತನ್ನು ಸುಮ್ನೆ ತಳ್ಳಿಹಾಕಲು ಮನಸ್ಸು ಬಾರದು.

ಇದು ಹೆಣ್ಣಿನ ಪದ ಅನ್ನುವುದು ಎಷ್ಟು ಗಟ್ಟಿಯಾಗಿತ್ತು ಅಂದರೆ, 1ನೇ ಶತಮಾನದ ಕವಿ ಮಾರ್ಷಿಯಾಲ್ ಸಿರಿವಂತ ಹೆಣ್ಣು ತನಗೆ ಬೇಡ ಎನ್ನಲು ಇದನ್ನೇ ಬಳಸಿದ. ನನ್ನ ಹೆಂಡತಿಗೆ ನಾನೇ ಹೆಂಡತಿಯಾಗಲಾರೆ ಎಂಬುದು ಅವನ ಮಾತಿನ ಅರ್ಥ. ಅಲ್ಲಿರುವ ಕ್ರಿಯಾಪದ 'ನೂಬೆರೆ'. ರೋಮಿನ ಕೇಳುಗರಿಗೆ ಅದೊಂದೇ ಪದ ಸಾಕಾಗಿತ್ತು.

ಎಷ್ಟೋ ಶತಮಾನಗಳ ನಂತರ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನ ಮದುವೆಗಳಿಂದಲೇ ರಾಜ್ಯ ಬೆಳೆಸಿತು. 1477ರಲ್ಲಿ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಯ ಕೈ ಹಿಡಿದ. ಆ ಮನೆತನದ ಬಗ್ಗೆ ಒಂದು ಲ್ಯಾಟಿನ್ ಸಾಲು ಹುಟ್ಟಿತು: ಬೇರೆಯವರು ಯುದ್ಧ ಮಾಡಲಿ, ಭಾಗ್ಯವಂತೆ ಆಸ್ಟ್ರಿಯಾ, ನೀನು ಮದುವೆಯಾಗು. ಕೈ ಹಿಡಿದವನು ಗಂಡು. ಆದರೆ ಸಾಲು ಕರೆಯುವುದು ದೇಶವನ್ನು, ಹೆಣ್ಣಾಗಿ ಕಂಡು. ಅದಕ್ಕೇ ಅದರ ಕೊನೆಯ ಪದ 'ನೂಬೆ'.