ಬಾಗೋ ಸೈಕಲ್ ಫ್ರೇಮು ಕಾಲಿನ ಬಲ ನುಂಗುತ್ತಾ? ಮುಳ್ಳಯ್ಯನಗಿರಿ ಏರಿನಲ್ಲಿ ನೋಡೋಣ

ಕೈಮರ ಚೆಕ್‌ಪೋಸ್ಟ್ ದಾಟಿದ್ದಾಯ್ತು. ಇನ್ನೇನಿದ್ರೂ ಏರೇ ಏರು. ಸದ್ದು ಕೇಳಿಸ್ತಾ? ಸೀಟಿಂದ ಎದ್ದು ತುಳಿದಾಗಲೆಲ್ಲ ಚರ್ರ್, ಚರ್ರ್. ಚೈನು ಮುಂದಿನ ಡಿರೇಲರಿಗೆ, ಅಂದ್ರೆ ಗೇರ್ ಬದಲಿಸೋಕೆ ಚೈನನ್ನ ಪಕ್ಕಕ್ಕೆ ಸರಿಸೋ ಭಾಗಕ್ಕೆ, ಉಜ್ಜುತ್ತಿದೆ. ನನ್ನ ಉಕ್ಕಿನ ಫ್ರೇಮು ಬಾಗ್ತಿದೆ ಅಂತ ಅರ್ಥ.

"ಬಾಗೋ ಫ್ರೇಮಲ್ಲಿ ಅರ್ಧ ಶಕ್ತಿ ಹಾಳು, ಗುಜರಿಗೆ ಹಾಕು" ಅಂತ ಚಿಕ್ಕಮಗಳೂರಲ್ಲಿ ಎಷ್ಟು ಜನ ಹೇಳಿದಾರೋ. ಈ ಮಾತು ನಂಬಿ ಒಳ್ಳೊಳ್ಳೇ ಸೈಕಲ್ ಮಾರಿಕೊಂಡವರನ್ನ ನೋಡಿದ್ದೀನಿ. ಹೊಟ್ಟೆ ಉರಿಯುತ್ತೆ.

ಈ ಸಿಲ್ವರ್ ಓಕ್ ಕೆಳಗೆ ನಿಲ್ಲಿಸ್ತೀನಿ. ಹಿಂದಿನ ಬ್ರೇಕ್ ಗಟ್ಟಿ ಹಿಡಿದು, ಕೆಳಗಿರೋ ಪೆಡಲ್ ಮೇಲೆ ಮೈಭಾರ ಬಿಡ್ತೀನಿ. ಪೆಡಲ್ ಹಿಡಿದಿರೋ ತೋಳು, ಅಂದ್ರೆ ಕ್ರ್ಯಾಂಕಿನ ಬುಡ ನೋಡಿ, ಅದರ ಅಚ್ಚು ಕೂರೋ ಬಾಟಮ್ ಬ್ರಾಕೆಟ್ ಪಕ್ಕಕ್ಕೆ ಸರೀತು. ಕಾಲು ತೆಗೆದೆ. ಇದ್ದ ಜಾಗಕ್ಕೇ ವಾಪಸ್.

ಗದ್ದೆ ಕೆಸರು ತುಳಿದ್ರೆ ಹೆಜ್ಜೆ ಅಲ್ಲೇ ಉಳಿಯುತ್ತೆ. ಬಿದಿರಿನ ಗಳ ಬಗ್ಗಿಸಿ ಬಿಟ್ರೆ ಚಟ್ ಅಂತ ನೆಟ್ಟಗಾಗುತ್ತೆ. ಉಕ್ಕೂ ಬಿದಿರಿನ ಹಾಗೇ. ಬಗ್ಗಿಸೋಕೆ ಹಾಕಿದ ಶಕ್ತಿ ಹೆಚ್ಚುಕಮ್ಮಿ ಪೂರ್ತಿ ಒಳಗೇ ಕೂತಿರುತ್ತೆ. ಬಿಸಿಯಾಗಿ ಹೋಗೋದು ತೀರಾ ಅತ್ಯಲ್ಪ. ತುಳಿತದ ಜೋರು ಇಳಿದಾಗ ಫ್ರೇಮು ನೆಟ್ಟಗಾಗ್ತಾ ಚೈನನ್ನ ಎಳೆಯುತ್ತೆ, ಬಹುಪಾಲು ಹಿಂದಿನ ಚಕ್ರಕ್ಕೇ ಸೇರುತ್ತೆ. ಒಂದಿಷ್ಟು ಕಾಲನ್ನ ವಾಪಸ್ ತಳ್ಳೋದೂ ಉಂಟು, ಇಲ್ಲ ಅನ್ನಲ್ಲ.

ಐರ್ಲೆಂಡಿನ ಸೈಕಲ್ ರೇಸರ್ ಷಾನ್ ಕೆಲ್ಲಿ 1980ರ ದಶಕದಲ್ಲಿ ವೀಟಸ್ 979 ಅನ್ನೋ ಸೈಕಲ್ ತುಳೀತಿದ್ರು. ಸಣ್ಣ ಅಲ್ಯುಮಿನಿಯಂ ಕೊಳವೆಗಳನ್ನ ಅಂಟಿಸಿ ಮಾಡಿದ ಫ್ರೇಮು, ಬಾಗೋದರಲ್ಲೇ ಹೆಸರುವಾಸಿ. ಅಂಥಾ ಸ್ಪ್ರಿಂಟರ್ ಅದರ ಮೇಲೇ ರೇಸ್ ಗೆದ್ರು. ಅಲ್ಯುಮಿನಿಯಂ ಅಂದ್ರೇ ಬಿಗಿ, ಬಾಗೋದೇ ಇಲ್ಲ ಅನ್ನೋದೂ ಸುಳ್ಳು: ಲೋಹವಾಗಿ ಅದರ ಬಿಗಿತ ಉಕ್ಕಿನ ಮೂರನೇ ಒಂದರಷ್ಟು. ಬಿಗಿ ಬರೋದು ದಪ್ಪ ಕೊಳವೆಯಿಂದ. ಕೊಳವೆಯ ತಗಡಿನ ದಪ್ಪ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದ್ರೆ ಬಿಗಿತ ಸುಮಾರು ಎಂಟು ಪಟ್ಟು.

ಹಾಗಾದ್ರೆ ಶಕ್ತಿ ಸೋರೋದೆಲ್ಲಿ? ಗಾಳಿ ಕಮ್ಮಿ ಇರೋ ಟೈರಲ್ಲಿ. ಎಣ್ಣೆ ಕಾಣದ ಚೈನಲ್ಲಿ. ಮತ್ತೆ ಈ ಚರ್ರ್ ಅನ್ನೋ ಉಜ್ಜಾಟದಲ್ಲಿ, ಇದು ನಿಜವಾದ ನಷ್ಟ. ಬ್ಯಾಗಿಂದ ಸ್ಕ್ರೂಡ್ರೈವರ್ ತೆಗೆದೆ. ಡಿರೇಲರ್ ಎಷ್ಟು ಸರೀಬೇಕು ಅಂತ ತಡೆಯೋ ಮಿತಿ ಸ್ಕ್ರೂ, ಕಾಲು ಸುತ್ತು ಸಡಿಲ.

ಹತ್ತಿದೆ. ಎದ್ದು ತುಳೀತಿದ್ದೀನಿ. ಫ್ರೇಮು ಬಾಗ್ತಾನೇ ಇದೆ, ಆದ್ರೆ ಈಗ ಕೇಳಿಸ್ತಿರೋದು ನನ್ನ ಉಸಿರು, ತೋಟದ ಜೀರುಂಡೆ ಅಷ್ಟೇ. ಸೀತಾಳಯ್ಯನಗಿರಿ ಇನ್ನೂ ಮೇಲಿದೆ.